ಮೊದಲು ತೋಟೆ, ಆಮೇಲೆ ಕೋವಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಹಳೆ ಮನೆಗಳಲ್ಲಿ ಕೋವಿ ಎಂದರೆ ಉದ್ದ ನಳಿಗೆಯದ್ದು. ಕೇಪಿನ ಕೋವಿ, ಇಲ್ಲವೇ 12 ಬೋರಿನ ಜೋಡುನಳಿಗೆ. ಗಿಡ್ಡ ಕೋವಿ ಅಪರೂಪ, ಹಾಗಾಗಿಯೇ ಅದರ ಸುದ್ದಿ ಬೇಗ ಹರಡುತ್ತದೆ. ಯಾರದೋ ಎಸ್ಟೇಟು ಪಾಲಾಗುತ್ತಿದೆ, ಪೆಟ್ಟಿಗೆಯಲ್ಲಿ ಯುದ್ಧಕಾಲದ ವೆಬ್ಲಿ ರಿವಾಲ್ವರ್ ಉಂಟಂತೆ, ಲೈಸನ್ಸ್ ಇದ್ದವರಿಗೆ ಕೊಡುತ್ತಾರಂತೆ. ಅಡಿಕೆಗೆ ರೇಟು ಬಂದ ವರ್ಷವಾದರೆ ಕೇಳಿದವರ ಕಿವಿ ಇನ್ನಷ್ಟು ನಿಮಿರುತ್ತದೆ.

ಆಸೆ ಪಡುವುದರಲ್ಲಿ ತಪ್ಪೇನಿಲ್ಲ. ವೆಬ್ಲಿ ನಿಜಕ್ಕೂ ಚಂದದ ಯಂತ್ರ. ಹೆಬ್ಬೆರಳಿನಿಂದ ಎಡಬದಿಯ ಕೊಂಡಿ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಇಡೀ ಕೋವಿ ನಡು ಮುರಿದಂತೆ ತೆರೆದುಕೊಳ್ಳುತ್ತದೆ. ತೋಟೆ ಕೂರುವ ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತುಂಡೊಂದು ಮೇಲೆದ್ದು ಆರು ಖಾಲಿ ಕೋಶಗಳನ್ನೂ ಒಟ್ಟಿಗೆ ಹೊರಚೆಲ್ಲುತ್ತದೆ. ಮಡಚಿದರೆ ಗಟ್ಟಿಯಾದ ಒಂದು ಟಕ್. ನೂರು ವರ್ಷ ಹಳೆಯದಾದರೂ, ಚೆನ್ನಾಗಿ ಇಟ್ಟಿದ್ದರೆ, ಆ ಸದ್ದು ಇವತ್ತಿಗೂ ಹಾಗೆಯೇ ಕೇಳುತ್ತದೆ. ಕೊಳ್ಳುವವರು ಸೋಲುವುದು ಅಲ್ಲೇ. ಕೋವಿ ಕೈಗೆ ಬಂದ ಮೇಲೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಲೆಕ್ಕವನ್ನು ತೋಟೆಯಿಂದ ಶುರುಮಾಡಬೇಕು. ತೋಟೆ, ಲೈಸನ್ಸು, ಉಪಯೋಗ ಈ ಮೂರೂ ಮುಗಿದ ಮೇಲಷ್ಟೇ ಕೋವಿಯ ಸರದಿ.

ಸಾಮಾನ್ಯವಾಗಿ ಸಿಗುವುದು ಯಾವುದು ಎನ್ನುವುದನ್ನು ಮೊದಲು ಹೇಳಿಬಿಡುತ್ತೇವೆ. ವೆಬ್ಲಿ ಬ್ರಿಟಿಷ್ ಸೇನೆಗೆ ಬಂದದ್ದು 1887ರಲ್ಲಿ. ಹೆಚ್ಚಾಗಿ ಕಾಣಸಿಗುವ ಮಾರ್ಕ್ 6 ಬಂದದ್ದು 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ. 6 ಇಂಚಿನ ನಳಿಗೆ, ಚೌಕಾಕಾರದ ಹಿಡಿ, ತೂಕ ಒಂದು ಕೆ.ಜಿ.ಗಿಂತ ತುಸು ಹೆಚ್ಚು. ಯುದ್ಧದಲ್ಲಿ ಲಕ್ಷಗಟ್ಟಲೆ ತಯಾರಾದವು. 1932ರಲ್ಲಿ ಅದರ ಜಾಗಕ್ಕೆ .38 ಇಂಚು ಬೋರಿನ, ಅಂದರೆ ನಳಿಗೆಯ ಒಳ ಅಗಲದ, ಎನ್‌ಫೀಲ್ಡ್ ರಿವಾಲ್ವರ್ ಬಂತು. ಹೊಸದಾಗಿ ಸೇರಿದ ಸಿಪಾಯಿಗೆ ಬೇಗ ಕಲಿಸಲು ಸಣ್ಣ ಬೋರೇ ಸುಲಭ ಎಂಬುದು ಸೇನೆಯ ಲೆಕ್ಕಾಚಾರ. ಆದರೂ ಎರಡನೇ ಯುದ್ಧದುದ್ದಕ್ಕೂ ಹಳೆಯದು ಕೆಲಸಕ್ಕಿತ್ತು, 1947ರಲ್ಲಿ ಅಧಿಕೃತವಾಗಿ ಸೇವೆಯಿಂದ ಹೊರಬಿತ್ತು. ಊರಲ್ಲಿ ಎಲ್ಲದಕ್ಕೂ ಪಿಸ್ತೂಲು ಎನ್ನುವುದು ರೂಢಿ, ಆದರೆ ಇದು ತಿರುಗುವ ಸಿಲಿಂಡರಿನ ರಿವಾಲ್ವರ್. ನಿಜವಾದ ಪಿಸ್ತೂಲು ಬೇಕೆನ್ನುವವರು ಹುಡುಕುವುದು ಅಮೆರಿಕನ್ನರ .45ರ ಕೋಲ್ಟ್. ಅದು 1911ರಿಂದ 1985ರವರೆಗೆ ಅಲ್ಲಿನ ಸೇನೆಯ ಪಿಸ್ತೂಲಾಗಿತ್ತು. ಮುಂದೆ ಹೇಳುವ ಕಾನೂನು ಅದಕ್ಕೂ ಅನ್ವಯ.

ಈಗ ತೋಟೆ. ಮಾರ್ಕ್ 6ರ ಬಾಯಿಗೆ ಬೇಕಾದದ್ದು .455ರ ತೋಟೆ, 265 ಗ್ರೇನ್ ಗುಂಡಿನದ್ದು, ಅಂದರೆ ಸುಮಾರು 17 ಗ್ರಾಂ ಸೀಸ. ವೇಗ ಸೆಕೆಂಡಿಗೆ ಹೆಚ್ಚೆಂದರೆ 200 ಮೀಟರು. ಭಾರವಾದ, ನಿಧಾನದ ಗುಂಡು. ನಮ್ಮಲ್ಲಿ ನಾಗರಿಕರಿಗೆ ಮಾರುವ ತೋಟೆಗಳಲ್ಲಿ ಇದಿಲ್ಲ. ಅಂಗಡಿಗೆ ಹೋಗಿ .32 ಕೇಳಬಹುದು, .22 ಕೇಳಬಹುದು, 12 ಬೋರು ಕೇಳಬಹುದು. .455 ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಲೈಸನ್ಸ್ ಪುಸ್ತಕ ಕೇಳುತ್ತಾರೆ. ಇಟಲಿಯಲ್ಲಿ ಈಚಿನವರೆಗೂ ತಯಾರಾಗುತ್ತಿತ್ತು, ಅಮೆರಿಕದಲ್ಲಿ ಹವ್ಯಾಸಿಗಳು ತಾವೇ ತುಂಬಿಕೊಳ್ಳುತ್ತಾರೆ ಎಂಬುದೆಲ್ಲ ನಿಜವಿದ್ದರೂ ಕುಂಬಳೆಯಲ್ಲಿ ಕೂತವರಿಗೆ ಅದರಿಂದ ಉಪಯೋಗವಿಲ್ಲ. ಇಲ್ಲಿ ಮನೆಯಲ್ಲಿ ತೋಟೆ ತುಂಬುವುದು ಹವ್ಯಾಸವಲ್ಲ, ಲೈಸನ್ಸ್ ಇಲ್ಲದ ತಯಾರಿಕೆ.

ಮಾರುವವರು ಇಲ್ಲಿ ಒಂದು ಆಮಿಷ ಒಡ್ಡುವುದುಂಟು: ಕೋವಿಯ ಜೊತೆ ಹಳೆಯ ತೋಟೆಯ ಪೊಟ್ಟಣವೂ ಉಂಟು, ಇಪ್ಪತ್ತೋ ಇಪ್ಪತ್ತೈದೋ. ಅದನ್ನು ಲಾಭವೆಂದು ಎಣಿಸಬೇಡಿ. ಕಾನೂನಿನಲ್ಲಿ ತೋಟೆಗೆ ಬೇರೆಯೇ ಲೆಕ್ಕ. ಲೈಸನ್ಸ್ ಇಲ್ಲದೆ ಡ್ರಾಯರಿನಲ್ಲಿ ಒಂದೇ ಒಂದು ಇದ್ದರೂ ಅಪರಾಧ. ಎರಡನೆಯದಾಗಿ, ಎಪ್ಪತ್ತೆಂಬತ್ತು ಮಳೆಗಾಲ ಕಂಡ ತೋಟೆ ಮೂರು ಥರ ಕೈಕೊಡುತ್ತದೆ. ಒಂದು, ಏನೂ ಆಗುವುದಿಲ್ಲ. ಎರಡು, ಟ್ರಿಗರ್ ಒತ್ತಿ ಒಂದೆರಡು ಕ್ಷಣದ ನಂತರ ಸಿಡಿಯುತ್ತದೆ. ಅದಕ್ಕೇ, ಸಿಡಿಯದ ತೋಟೆ ಇದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ತಕ್ಷಣ ತೆರೆಯಬಾರದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಮದ್ದು ಅರ್ಧಂಬರ್ಧ ಉರಿದು ಪುಸ್ಸೆಂದು ಸದ್ದಾಗುತ್ತದೆ, ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಸದ್ದು ಸಣ್ಣದಾಗಿ ಕೇಳಿದ ಕ್ಷಣವೇ ನಿಲ್ಲಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಡುವುದು ಇದಕ್ಕೇ.

ನಮ್ಮ ಕಡೆಯ ಹವ್ಯಕ ಮಾತಿನಲ್ಲೂ ತುಳುವಿನಲ್ಲೂ ಬೆಡಿ ಎಂದರೆ ಕೋವಿಯೂ ಹೌದು, ಕುಂಬಳೆ ಜಾತ್ರೆಯಲ್ಲಿ ಸುಡುವ ಪಟಾಕಿಯೂ ಹೌದು. ತೋಟೆ ಸಿಗದ ವೆಬ್ಲಿ ಈ ಎರಡು ಅರ್ಥಕ್ಕೂ ಒದಗುವುದಿಲ್ಲ.

ತೋಟೆ ಯಾಕೆ ಸಿಗದು ಎಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳು ಕೋವಿಗಳನ್ನು ವರ್ಗ ಮಾಡಿವೆ. ಈಗ ಜಾರಿಯಲ್ಲಿರುವುದು 2016ರ ನಿಯಮಗಳು. ಸೇನೆ, ಪೊಲೀಸರು ಬಳಸುವ ತೋಟೆಯ ಕೋವಿ ನಾಗರಿಕರ ಕೈಯಲ್ಲಿರಬಾರದು ಎಂಬುದು ಹಿಂದಿನಿಂದ ಬಂದ ಆಲೋಚನೆ. ಹಾಗಾಗಿ .380 ಅಥವಾ .455ರ ಅಂಚಿರುವ (ಬುಡದಲ್ಲಿ ಅಂಚು ಹೊರಚಾಚಿದ) ತೋಟೆ, ಸೇನೆಯ 9 ಮಿ.ಮೀ. ಅಥವಾ .45ರ ಅಂಚಿಲ್ಲದ ತೋಟೆ ತುಂಬಿ ಸಿಡಿಸಬಲ್ಲ ಯಾವುದೇ ಪಿಸ್ತೂಲು, ರಿವಾಲ್ವರು, ಕಾರ್ಬೈನು ಒಂದೇ ಗುಂಪಿಗೆ ಸೇರುತ್ತದೆ. ರೂಢಿಯಲ್ಲಿ ಇದಕ್ಕೆ ಪ್ರೊಹಿಬಿಟೆಡ್ ಬೋರ್, ಪಿ.ಬಿ. ಎನ್ನುತ್ತಾರೆ. ಉಳಿದದ್ದು ನಾನ್-ಪ್ರೊಹಿಬಿಟೆಡ್ ಬೋರ್, ಎನ್.ಪಿ.ಬಿ.

ಇಲ್ಲಿ ‘ತುಂಬಿ ಸಿಡಿಸಬಲ್ಲ’ ಎಂಬ ಮಾತಿನ ಮೇಲೆ ಬೆರಳಿಟ್ಟು ಓದಬೇಕು. ಕೋವಿಯ ಮೇಲೆ ಏನು ಕೆತ್ತಿದೆ ಎನ್ನುವುದು ಮುಖ್ಯವಲ್ಲ, ಅದರೊಳಗೆ ಯಾವ ತೋಟೆ ಕೂರುತ್ತದೆ ಎನ್ನುವುದು ಮುಖ್ಯ. ‘ಇದು ದೊಡ್ಡದಲ್ಲ, .38ರ ಸಣ್ಣ ವೆಬ್ಲಿ, ನಡೆಯುತ್ತದೆ’ ಎಂದು ಮಾರುವವರು ಹೇಳಿದರೆ ನಂಬಬೇಡಿ. ಅದೇ .380ರ ಸೇನೆಯ ತೋಟೆ ಅದರಲ್ಲಿ ಕೂರುತ್ತದೆ, ಹಾಗಾಗಿ ಅದೂ ಪಿ.ಬಿ. ಅಮೆರಿಕದ ಸ್ಮಿತ್ ಆಂಡ್ ವೆಸನ್ 1917ರ ರಿವಾಲ್ವರು ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ .45ರ ಪಿಸ್ತೂಲ್ ತೋಟೆಯನ್ನೇ ಹೊಡೆಯುತ್ತದೆ. ಅದೂ ಇದೇ ಬುಟ್ಟಿಗೆ.

ಎನ್.ಪಿ.ಬಿ. ಲೈಸನ್ಸಾದರೆ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಕೆಲಸ. ಪಿ.ಬಿ.ಯಾದರೆ ತೀರ್ಮಾನ ಕೇಂದ್ರ ಗೃಹ ಸಚಿವಾಲಯದ್ದು, ಅಂದರೆ ದಿಲ್ಲಿ. ಜೀವಕ್ಕೆ ತೀವ್ರ ಬೆದರಿಕೆ ಇದೆ ಎಂದು ತೋರಿಸಬಲ್ಲವರಿಗೆ ಅದು ಸಿಗಬಹುದು. ಅಡಿಕೆ ತೋಟಕ್ಕೆ ಹಂದಿ ಬರುತ್ತದೆ ಎನ್ನುವುದು ಆ ಮೇಜಿನ ಮೇಲೆ ಕಾರಣವೇ ಅಲ್ಲ. ನಿಮ್ಮ ಹತ್ತಿರ ಈಗಿರುವ 12 ಬೋರಿನ ಲೈಸನ್ಸಿನಲ್ಲಿ ಖಾಲಿ ಸಾಲು ಇದೆ ಎಂದು ವೆಬ್ಲಿಯನ್ನು ಅಲ್ಲಿ ಬರೆಸಿಕೊಳ್ಳಲೂ ಆಗದು. ಸಾಲಿನ ಲೆಕ್ಕವೂ ಬದಲಾಗಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಲೈಸನ್ಸಿನ ಅವಧಿ 5 ವರ್ಷ. ಎರಡರಲ್ಲಿ ಒಂದು ಜಾಗವನ್ನು ತೋಟೆ ಸಿಗದ ಕೋವಿಗೆ ಕೊಡುವುದು ನಮ್ಮ ದೃಷ್ಟಿಯಲ್ಲಿ ದುಂದು.

ಗಡಿಯಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಕಾಯ್ದೆಯಿಂದ ರಿಯಾಯಿತಿ ಇದೆಯಲ್ಲ ಎಂದು ಇಲ್ಲಿ ಆಗಾಗ ಕೇಳುತ್ತಾರೆ. ಅದು ಅವರದ್ದು. ಕಾಸರಗೋಡಿನ ತೋಟದವರಿಗೆ ಅದರ ನೆರಳೂ ಬೀಳುವುದಿಲ್ಲ.

ಇನ್ನೊಂದು ಮಾತು ಕಿವಿಗೆ ಇಂಪಾಗಿ ಕೇಳುವಂಥದ್ದು: ‘ಆ್ಯಂಟಿಕ್, ಲೈಸನ್ಸ್ ಬೇಡ.’ ಕಾಯ್ದೆಯ 45ನೇ ಕಲಮಿನಲ್ಲಿ ಹಳೆ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇರುವುದು ಹೌದು. ಆದರೆ ಅದಕ್ಕೊಂದು ಷರತ್ತಿದೆ. ದುರಸ್ತಿ ಮಾಡದೆಯೂ, ಮಾಡಿದರೂ ಅದು ಕೋವಿಯಾಗಿ ಕೆಲಸ ಮಾಡುವಂತಿರಬಾರದು. ತುಕ್ಕು ಹಿಡಿದು ಬಿಗಿದುಕೊಂಡ ವೆಬ್ಲಿಯನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಒಂದು ಸ್ಪ್ರಿಂಗ್ ಬದಲಿಸಿದರೆ ಓಡುತ್ತದೆ. ಅಂದರೆ ಅದು ಕಾನೂನಿನ ಕಣ್ಣಲ್ಲಿ ಕೋವಿಯೇ. .32ಕ್ಕೆ ಬೋರು ಬದಲಿಸಿಕೊಡುತ್ತೇವೆ ಎನ್ನುವವರ ಹತ್ತಿರ ಅದಕ್ಕೆ ಬೇಕಾದ ಲೈಸನ್ಸ್ ಇದೆಯೇ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಉಪಯೋಗ. ಹಂದಿಗೆಂದು ಕೊಳ್ಳುವ ಯೋಚನೆಯಿದ್ದರೆ ಲೆಕ್ಕ ಸರಳ. ವೆಬ್ಲಿಯ ಗುಂಡು ಹೊತ್ತೊಯ್ಯುವ ಶಕ್ತಿ ಸುಮಾರು 300 ಜೌಲ್. 12 ಬೋರಿನ ಒಂದು ಸಾಧಾರಣ ತೋಟೆ 2000 ಜೌಲ್ ದಾಟುತ್ತದೆ, ಅದೂ ಭುಜಕ್ಕೆ ಒರಗಿಸಿ ಗುರಿಯಿಡುವ ಉದ್ದ ನಳಿಗೆಯಿಂದ. ಟಾರ್ಚಿನ ಬೆಳಕಿನಲ್ಲಿ, ಸೋಗೆ ಬಿದ್ದ ನೆಲದಲ್ಲಿ, 25 ಮೀಟರು ದೂರದ ಹಂದಿಗೆ ರಿವಾಲ್ವರ್ ಹಿಡಿಯುವುದೆಂದರೆ ಪ್ರಾಣಿಯನ್ನು ಗಾಯ ಮಾಡಿ ಬಿಡುವುದು. ಗಾಯಗೊಂಡ ಹಂದಿ ಮರುದಿನ ಸೊಪ್ಪಿಗೆ ಹೋದವರ ಮೇಲೆ ಬೀಳುತ್ತದೆ. ಕೇರಳದಲ್ಲಿ 2022ರಿಂದ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತು ಅಧ್ಯಕ್ಷರೇ ಅನುಮತಿ ಕೊಡಬಹುದು. ಆದರೆ ಹೊಡೆಯುವವರು ಲೈಸನ್ಸ್ ಇರುವ, ಪಟ್ಟಿಯಲ್ಲಿರುವ ಕೋವಿಯವರೇ ಆಗಿರಬೇಕು. ಬೆಳೆ ರಕ್ಷಣೆಗೆ ಕಾಯ್ದೆ ಹೇಳುವುದೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅದು ಸಾಲದಿದ್ದರೆ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಯನ್ನು. ತೋಟದ ಕೆಲಸ ಅಲ್ಲಿಗೆ ತೀರ್ಮಾನವಾಯಿತು.

ಆತ್ಮರಕ್ಷಣೆಗೆ ಎನ್ನುವವರಿಗೆ ನಾವು ಹೇಳುವುದು ಕಾನ್ಪುರದ .32ರ ರಿವಾಲ್ವರನ್ನು ಒಮ್ಮೆ ತೆರೆದು ನೋಡಿ ಎಂದು. ಅದೂ ನಡು ಮುರಿದು ತೆರೆದುಕೊಳ್ಳುವಂಥದ್ದೇ, ವೆಬ್ಲಿಯ ವಂಶದ್ದೇ. ಅದೇ ಕೊಂಡಿ, ಅದೇ ನಕ್ಷತ್ರ, ಆರು ತೋಟೆ, 3 ಇಂಚಿನ ನಳಿಗೆ, ತೂಕ 700 ಗ್ರಾಂ ಆಸುಪಾಸು. ಶಕ್ತಿ ವೆಬ್ಲಿಯ ಅರ್ಧದಷ್ಟೇ, ನಿಜ. ಆದರೆ ತೋಟೆ ಅಂಗಡಿಯಲ್ಲಿ ಸಿಗುತ್ತದೆ, ಅಭ್ಯಾಸ ಮಾಡಬಹುದು, ಸ್ಪ್ರಿಂಗ್ ಮುರಿದರೆ ಬದಲಿ ಉಂಟು. ಅಭ್ಯಾಸವೇ ಮಾಡಲಾಗದ ದೊಡ್ಡ ಬೋರಿಗಿಂತ ವರ್ಷಕ್ಕೆ ಐವತ್ತು ಸಲ ಹೊಡೆದ ಸಣ್ಣ ಬೋರು ಕೈಯಲ್ಲಿ ನಿಲ್ಲುತ್ತದೆ. ಬಹಳ ಜನ ಸೋತಿರುವುದು ಆ ಯಂತ್ರದ ಚಂದಕ್ಕೆ, .455ಕ್ಕಲ್ಲ. ಚಂದವಷ್ಟೇ ಬೇಕಿದ್ದರೆ ಅದು ಇಲ್ಲೂ ಉಂಟು, ಫಿನಿಶ್ ಸ್ವಲ್ಪ ಒರಟು ಅಷ್ಟೇ.

ಇಷ್ಟಾದ ಮೇಲೂ ಪಿ.ಬಿ. ಲೈಸನ್ಸ್ ಇರುವವರು, ಅಥವಾ ಮನೆತನದ ಕೋವಿ ಪಾಲಿಗೆ ಬರಲಿರುವವರು ಇರುತ್ತಾರೆ. ಅವರಿಗೆ ಕೋವಿಯನ್ನು ಪರೀಕ್ಷಿಸುವ ಕ್ರಮ ತಿಳಿದಿರಬೇಕು. ಕೈಗೆ ಕೊಟ್ಟ ಕೂಡಲೇ, ಯಾರು ಎಷ್ಟೇ ಖಾಲಿ ಎಂದರೂ, ನಳಿಗೆಯನ್ನು ನೆಲದ ಕಡೆ ಮಾಡಿ ತೆರೆಯಿರಿ. ಆರು ಕೋಣೆಗೂ ಕಿರುಬೆರಳು ತೂರಿಸಿ ಎಣಿಸಿ. ಕಣ್ಣು ಮೋಸ ಹೋಗಬಹುದು, ಬೆರಳು ಹೋಗದು.

ತೆರೆದದ್ದೇ ಇರುವಾಗ ನಳಿಗೆಯ ಬಾಯಿಯ ಮುಂದೆ ಬಿಳಿ ಕಾಗದ ಹಿಡಿದು ಹಿಂದಿನಿಂದ ನೋಡಿ. ಏಳು ಗೀರು ಸುತ್ತಿಕೊಂಡು ಹೋಗಿರುವುದು ಕಾಣಬೇಕು. ಕಪ್ಪು ಗುಂಡಿ ಗುಂಡಿಯಾಗಿ ತಿಂದುಹೋದ ಗುರುತು ಬಹುಪಾಲು ಹಳೆ ವೆಬ್ಲಿಗಳಲ್ಲಿ ಇರುತ್ತದೆ. ಕಾರಣ ಆ ಕಾಲದ ತೋಟೆಯ ಕೇಪು. ಅದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಗೆ ಕರಗುವುದಿಲ್ಲ. ಎಣ್ಣೆ ಹಚ್ಚಿ ಇಟ್ಟೆವು, ಆದರೂ ತುಕ್ಕು ಹಿಡಿಯಿತು ಎಂದು ಹೇಳುವುದು ಅದಕ್ಕೇ. ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುವುದು ಸೇನೆಯ ಕ್ರಮವಾಗಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಆ ಕ್ರಮ ತಪ್ಪಿದ ಕೋವಿಯ ನಳಿಗೆ ಒಳಗಿಂದ ಗೊತ್ತಾಗುತ್ತದೆ. ಅಲ್ಲಲ್ಲಿ ಗುಂಡಿ ಇದ್ದು ಗೀರು ಚೂಪಾಗಿದ್ದರೆ ಅಡ್ಡಿಯಿಲ್ಲ. ಗೀರೇ ಮಸುಕಾಗಿದ್ದರೆ ಬಿಡಿ. ನಡುವೆ ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ಹಿಂದೊಮ್ಮೆ ಗುಂಡು ಸಿಕ್ಕಿ ನಳಿಗೆ ಉಬ್ಬಿದೆ ಎಂದರ್ಥ. ಮುಂದೆ ನೋಡುವುದೇ ಬೇಡ.

ಮಡಚಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ನಳಿಗೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಈ ಜಾತಿಯ ಕೋವಿಯ ಜೀವ ಇರುವುದು ಎರಡೇ ಕಡೆ: ಕೆಳಗಿನ ಕೀಲು, ಮೇಲಿನ ಕೊಂಡಿ. ಟಕಟಕ ಸದ್ದು ಬಂದರೆ ಇವೆರಡರಲ್ಲಿ ಒಂದು ಸವೆದಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಒಂದೇ ಕೈಯಲ್ಲಿ ಝಾಡಿಸಿ ಮುಚ್ಚಿದ ಕೋವಿಗಳು ಹೀಗಾಗುತ್ತವೆ.

ಆಮೇಲೆ ಹ್ಯಾಮರ್ ಎಳೆದು, ಟ್ರಿಗರ್ ಒತ್ತಿ ಹಿಡಿದೇ, ಹ್ಯಾಮರನ್ನು ಹೆಬ್ಬೆರಳಿನಲ್ಲಿ ನಿಧಾನಕ್ಕೆ ಇಳಿಸಿ. ಟ್ರಿಗರ್ ಬಿಡಬೇಡಿ. ಈ ಸ್ಥಿತಿಯಲ್ಲಿ ಸಿಲಿಂಡರ್ ಅಲುಗಬಾರದು. ಆರು ಕೋಣೆಗೂ ಹೀಗೆ ಬೇರೆ ಬೇರೆಯಾಗಿ ಮಾಡಿ, ಏಕೆಂದರೆ ಐದು ಸರಿಯಿದ್ದು ಒಂದು ತಪ್ಪುವುದುಂಟು. ತಪ್ಪಿದ ಕೋಣೆಯಿಂದ ಹೊರಟ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಸುತ್ತದೆ. ಸುಮ್ಮನೆ ಖಾಲಿ ಕೋವಿಯಲ್ಲಿ ಟಕಟಕ ಟ್ರಿಗರ್ ಎಳೆದು ಆಡಬೇಡಿ. ಒಳಗಿರುವುದು ವಿ ಆಕಾರದ ಹಳೆ ಸ್ಪ್ರಿಂಗು, ಮುರಿದರೆ ಹೊಸದು ಎಲ್ಲಿಂದ ತರುವುದು ಎಂಬ ಪ್ರಶ್ನೆ ನಿಮ್ಮದಾಗುತ್ತದೆ, ಕೋವಿ ಇನ್ನೂ ಅವರದೇ ಆಗಿರುವಾಗ.

ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಗ್ಯಾರೇಜಿನಲ್ಲಿ ಬೈಕಿನ ಟ್ಯಾಪೆಟ್ ನೋಡುವ ಎಲೆಗಳ ಗೊಂಚಲು ಸಾಕು. 0.15 ಮಿ.ಮೀ. ಎಲೆ ಹೋದರೆ ಒಳ್ಳೆಯದು, 0.30 ಮಿ.ಮೀ. ಸರಾಗ ಹೋದರೆ ಸವೆತ ಮಿತಿಮೀರಿದೆ.

ಕೊನೆಯದಾಗಿ ಸಿಲಿಂಡರಿನ ಹಿಂಬದಿ. ಇದನ್ನು ಬೆಳಕಿನಲ್ಲಿ ಹತ್ತಿರದಿಂದ ನೋಡಬೇಕು. ಯುದ್ಧದ ನಂತರ ಅಮೆರಿಕಕ್ಕೆ ಹೋದ ವೆಬ್ಲಿಗಳಿಗೆ .455 ಸಿಗಲಿಲ್ಲ, .45ರ ಪಿಸ್ತೂಲ್ ತೋಟೆ ಹೇರಳವಾಗಿತ್ತು. ಅದು ಕೂರಲೆಂದು ಸಿಲಿಂಡರಿನ ಹಿಂಬದಿಯನ್ನು ಕಡೆದು ತೆಳ್ಳಗೆ ಮಾಡಿದರು. .45ರ ಒತ್ತಡ ವೆಬ್ಲಿಗೆ ಹೇಳಿದ್ದಕ್ಕಿಂತ ತುಂಬ ಹೆಚ್ಚು. ಕಾರ್ಖಾನೆಯಲ್ಲಿ ಒಮ್ಮೆ ಪರೀಕ್ಷೆಗೆಂದು ಹೊಡೆಯುವ ಭಾರಿ ತೋಟೆಯ ಮಟ್ಟಕ್ಕೆ ಹತ್ತಿರ. ಪ್ರತಿ ಸಲವೂ ಹಾಗೆ ಹೊಡೆದರೆ ಸಿಲಿಂಡರು ಬಿರಿಯುತ್ತದೆ. ಸಿಲಿಂಡರಿನ ಮೇಲೆ ಇರಬೇಕಾದ ನಂಬರು ಅರ್ಧ ಅಳಿಸಿದ್ದರೆ, ಹಿಂಬದಿಯಲ್ಲಿ ಲೇತಿನ ವೃತ್ತಾಕಾರದ ಗೆರೆ ಕಂಡರೆ, ಅಥವಾ ಚೌಕಟ್ಟಿನ ನಂಬರಿಗೆ ತಾಳೆಯಾಗದಿದ್ದರೆ ಅದು ಅಂಥದ್ದು. ಒಂದರ ಮುಖಕ್ಕೆ ಒಂದು ಬಾಣದ ಗುರುತು ಎದುರುಬದುರಾಗಿ ಇದ್ದರೆ ಹೆದರಬೇಡಿ, ಅದು ಸೇನೆಯಿಂದ ಕ್ರಮಬದ್ಧವಾಗಿ ಮಾರಾಟವಾದದ್ದರ ಮುದ್ರೆ.

ಕಾಗದ ಪತ್ರದ ಕೆಲಸ ಕೋವಿಯ ಕೆಲಸಕ್ಕಿಂತ ನಿಧಾನ. ಖಾಸಗಿಯಾಗಿ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆಯಬೇಕು. ಮುಂಗಡ ಕೊಟ್ಟು ಕೋವಿ ಮನೆಗೆ ತಂದು, ಆಮೇಲೆ ಕಾಗದ ಮಾಡುವ ಎಂಬ ಊರಿನ ಪದ್ಧತಿ ಇಲ್ಲಿ ನಡೆಯದು. ಮಾರುವವರ ಲೈಸನ್ಸಿನಲ್ಲಿ ಯು.ಐ.ಎನ್., ಅಂದರೆ ಲೈಸನ್ಸ್‌ದಾರರಿಗೆ ಕೊಡುವ ಗುರುತಿನ ನಂಬರು, ಇದೆಯೇ, ಕೋವಿಯ ನಂಬರು ಅದೇ ಪುಸ್ತಕದಲ್ಲಿ ಬರೆದಿದೆಯೇ ನೋಡಿ. ಮಂಗಳೂರಿನವರಿಂದ ಕೊಳ್ಳುವುದಾದರೆ ರಾಜ್ಯ ಬದಲಾಗುತ್ತದೆ. ನಿಮ್ಮ ಲೈಸನ್ಸ್ ಕೇರಳಕ್ಕೆ ಮಾತ್ರವೋ ಇಡೀ ದೇಶಕ್ಕೋ ಎಂಬ ಸಾಲನ್ನು ತಲಪಾಡಿ ಗಡಿ ದಾಟುವ ಮೊದಲೇ ಓದಿಕೊಳ್ಳಿ.

ಮನೆತನದ ಕೋವಿಯ ದಾರಿ ಬೇರೆ, ಮತ್ತು ವೆಬ್ಲಿಯಂಥದ್ದಕ್ಕೆ ಅದೇ ಸರಿಯಾದ ದಾರಿ. ಲೈಸನ್ಸ್ ಇದ್ದವರು ತೀರಿಕೊಂಡ ಮೇಲೆ ಮಾತ್ರವಲ್ಲ, ಅವರಿಗೆ 70 ವರ್ಷವಾದಾಗ ಅಥವಾ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದಾಗಲೂ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಕೇಳಬಹುದು. ಅಜ್ಜ ಇರುವಾಗಲೇ ಈ ಅರ್ಜಿ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ, ಕೋವಿ ಎಲ್ಲಿಂದ ಬಂತು ಎಂದು ಹೇಳಲು ಅವರೇ ಇರುತ್ತಾರೆ. ತೀರಿಕೊಂಡಿದ್ದರೆ ಹೊಸ ಲೈಸನ್ಸ್ ಕೈಗೆ ಬರುವವರೆಗೆ ಕೋವಿಯನ್ನು, ತೋಟೆಯನ್ನೂ, ಠಾಣೆಯಲ್ಲೋ ಲೈಸನ್ಸ್ ಇರುವ ಅಂಗಡಿಯಲ್ಲೋ ಒಪ್ಪಿಸಿ ರಶೀದಿ ತೆಗೆದುಕೊಳ್ಳಬೇಕು. ಒಪ್ಪಿಸುವ ಮುಂಚೆ ನಂಬರಿನ ಜೊತೆ ನಾಲ್ಕು ಬದಿಯ ಫೋಟೋ ತೆಗೆದಿಡಿ, ಎಣ್ಣೆ ಹಚ್ಚಿ ಕೊಡಿ. ಠಾಣೆಯ ಕೋಣೆಯಲ್ಲಿ ಎರಡು ಮಳೆಗಾಲ ಕಳೆದ ಕೋವಿ ಹೊರಬರುವಾಗ ಹೋದ ಹಾಗೆ ಇರುವುದಿಲ್ಲ. ಚುನಾವಣೆ ಬಂದಾಗ ಒಪ್ಪಿಸುವುದಕ್ಕೂ ಇದೇ ಮಾತು.

ಮನೆಯಲ್ಲಿ ಇಡುವುದಾದರೆ ಮೂಲ ಚರ್ಮದ ಉರೆಯಲ್ಲಿ ಇಡಬೇಡಿ. ನೋಡಲು ಅದೇ ಚಂದ, ಆದರೆ ಹದ ಮಾಡಿದ ಚರ್ಮದಲ್ಲಿ ಹುಳಿಯಿರುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಉರೆಯ ಹೊಲಿಗೆ ತಾಗಿದಲ್ಲೆಲ್ಲ ಉಕ್ಕಿನ ಮೇಲೆ ಅದೇ ಹೊಲಿಗೆಯ ಅಚ್ಚು ಕೆಂಪಗೆ ಮೂಡಿರುತ್ತದೆ. ಉರೆ ಬೇರೆ ಕಡೆ ಇರಲಿ. ಕೋವಿಗೆ ತೆಳ್ಳಗೆ ಎಣ್ಣೆ, ಬೀಗವಿರುವ ಉಕ್ಕಿನ ಪೆಟ್ಟಿಗೆ, ಒಳಗೆ ನೀಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ, ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಬೇಕು. ಅಡುಗೆಯ ಬಾಣಲೆಯಲ್ಲಿ ಅಲ್ಲ, ಅದಕ್ಕೆಂದೇ ಇಟ್ಟ ತಗಡಿನಲ್ಲಿ, ಏಕೆಂದರೆ ಆ ನೀಲಿ ಬಣ್ಣ ಹೊಟ್ಟೆಗೆ ಹೋಗುವಂಥದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಈ ಕೆಲಸ ಇರುತ್ತದೆ.